ಕಾರ್ಡಿನಲ್ಲಿ ಖಾಲಿ ಉಳಿದ ಚೌಕ

ಬೆಳಗಿನ ಒಂಬತ್ತೂವರೆ. ಚಿಂಚೋಳಿಯ ಸರ್ಕಾರಿ ಆಸ್ಪತ್ರೆಯ ಹೊರರೋಗಿ ಕೋಣೆಯ ಬಾಗಿಲಲ್ಲಿ ನಿಂತಿದ್ದೀರಿ. ಸೆಪ್ಟೆಂಬರ್ ತಿಂಗಳು. ರಾತ್ರಿ ಸುರಿದ ಮಳೆಗೆ ವರಾಂಡದ ತುಂಬ ಕೆಸರಿನ ಹೆಜ್ಜೆ. ಸಾಲಿನಲ್ಲಿ ಅರ್ಧಕ್ಕರ್ಧ ಮಕ್ಕಳೇ. ನೆಗಡಿ, ಕೆಮ್ಮು, ಚಳಿಜ್ವರ. ಡಾಕ್ಟರು ಕತ್ತೆತ್ತಿ ನೋಡಿದವರೇ ಸಾಲಿನ ಕೊನೆಯಲ್ಲಿದ್ದ ತಾಯಿಯೊಬ್ಬಳನ್ನು ಕೈಸನ್ನೆ ಮಾಡಿ ಮುಂದೆ ಕರೆಯುತ್ತಾರೆ. ಆಕೆ ಸೊಂಟದ ಮೇಲೆ ಹೊತ್ತಿರುವ ಹುಡುಗನಿಗೆ ಆರು ವರ್ಷ. ಆ ವಯಸ್ಸಿನ ಹುಡುಗರು ಸೊಂಟದ ಮೇಲೆ ಕೂರುವುದಿಲ್ಲ. ಕೂತಿದ್ದಾನೆಂದರೆ ನಡೆಯುವ ತ್ರಾಣ ಇಲ್ಲ. ಬಾಯಿ ಅರ್ಧ ತೆರೆದಿದೆ, ತುಟಿಯಂಚಿನಿಂದ ಜೊಲ್ಲು ಇಳಿಯುತ್ತಿದೆ. ಕಿವಿಯ ಬುಡದಿಂದ ಭುಜದವರೆಗೆ ಕತ್ತು ಒಂದೇ ಅಗಲ.

"ಎಷ್ಟ್ ದಿನಾತವ್ವಾ?"

"ಮೂರ್ ದಿನಾತ್ರಿ. ಮೊದ್ಲ ಜರಾ ಜ್ವರ ಇತ್ತು, ಗುಳಗಿ ಕೊಟ್ಟೆವ್ರಿ. ಮಂಗನಬಾವ್ ಇರಬೇಕ್ ಅಂದ್ರು ಮಂದಿ. ನಿನ್ನಿ ಸಂಜಿಂದ ನೀರ್ ಸೈತ ನುಂಗವಲ್ಲ."

ಹುಡುಗ ಹತ್ತಿರ ಬಂದಾಗ ನಿಮಗೂ ವಾಸನೆ ತಟ್ಟುತ್ತದೆ. ಕೊಳೆತ ಸಿಹಿ ವಾಸನೆ, ಒಮ್ಮೆ ಮೂಗಿಗೆ ಬಿದ್ದರೆ ಮರೆಯುವಂಥದ್ದಲ್ಲ. ಡಾಕ್ಟರು ಮಾಸ್ಕ್ ಏರಿಸಿಕೊಳ್ಳುತ್ತಾರೆ, ನರ್ಸ್ ನಿಮಗೂ ಒಂದು ಕೊಡುತ್ತಾಳೆ. ಟಾರ್ಚ್ ಬೆಳಕು ಹುಡುಗನ ಬಾಯಿಯೊಳಗೆ ಇಳಿಯುತ್ತದೆ. ಎರಡೂ ಕಡೆಯ ಗಂಟಲ ಗಡ್ಡೆಗಳ ಮೇಲೆ, ನಡುವಿನ ಕಿರುನಾಲಿಗೆಯನ್ನೂ ಸುತ್ತಿಕೊಂಡು, ಹದ ಮಾಡದ ತೊಗಲಿನ ತುಂಡನ್ನು ಅಂಟಿಸಿದ ಹಾಗೆ ಒಂದು ಪೊರೆ. ಬಣ್ಣ ಬೂದಿ. ಅಂಚು ಮಾತ್ರ ತುಸು ಕಪ್ಪು. ಮಾಮೂಲಿ ಗಂಟಲು ಬೇನೆಯಲ್ಲಿ ಕೀವಿನ ಬಿಳಿ ಚುಕ್ಕೆಗಳಿರುತ್ತವೆ, ಹತ್ತಿಯಿಂದ ಒರೆಸಿದರೆ ಬರುತ್ತವೆ. ಈ ಪೊರೆ ಬರುವುದಿಲ್ಲ. ಎಳೆದರೆ ಕೆಳಗಿನ ಮಾಂಸದಿಂದ ರಕ್ತ ಜಿನುಗುತ್ತದೆ. ಡಾಕ್ಟರು ಎಳೆಯಲು ಹೋಗುವುದಿಲ್ಲ. ಪೊರೆಯ ಅಂಚಿನಡಿ ಹತ್ತಿಯ ಕಡ್ಡಿಯನ್ನು ಹೊರಳಿಸಿ ಮಾದರಿ ತೆಗೆದು ಕೊಳವೆಗೆ ಹಾಕಿ ಮುಚ್ಚುತ್ತಾರೆ. ಹುಡುಗ ಅಳಲು ನೋಡುತ್ತಾನೆ, ದನಿ ಏಳುವುದಿಲ್ಲ. "ಯಾಡಿ" ಎಂದು ಲಂಬಾಣಿಯಲ್ಲಿ ಅವ್ವನನ್ನು ಕರೆದದ್ದು ತುಟಿಯಲ್ಲಷ್ಟೇ ಕಾಣುತ್ತದೆ.

ಗಂಟಲುಮಾರಿ. ಡಿಫ್ತೀರಿಯಾ. ನಮ್ಮ ಅಜ್ಜ-ಅಜ್ಜಿಯರ ಕಾಲದಲ್ಲಿ ಮನೆಮನೆಯ ಮಕ್ಕಳನ್ನು ಕೊಂಡೊಯ್ದ, ಈಗ ಪಠ್ಯಪುಸ್ತಕದಲ್ಲಷ್ಟೇ ಉಳಿದಿದೆ ಎಂದು ನಾವು ತಿಳಿದಿದ್ದ ರೋಗ. ಅದು ಉಳಿದಿರುವುದು ಇಲ್ಲೂ ಹೌದು. ಹುಬ್ಬಳ್ಳಿಯ ಕಿಮ್ಸ್‌ನ ವೈದ್ಯರು, ಬೆಳಗಾವಿಯ ವೈದ್ಯರು ಕಳೆದ ದಶಕದಲ್ಲೇ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅದು ಮರಳಿ ಬಂದದ್ದನ್ನು ವೈದ್ಯಕೀಯ ಪತ್ರಿಕೆಗಳಲ್ಲಿ ಬರೆದಿದ್ದಾರೆ. ಕಲಬುರಗಿ ಜಿಲ್ಲೆಯ ಊರುಗಳೂ ಅದರ ನಕ್ಷೆಯೊಳಗೆ ಬಂದಿವೆ. ಈ ಹುಡುಗನಿಗೆ ನಾನು ಹೆಸರಿಟ್ಟಿಲ್ಲ. ಇಂಥ ಹಲವು ಮಕ್ಕಳ ದಾರಿಯನ್ನು ಕೂಡಿಸಿ ಒಬ್ಬನನ್ನು ಮಾಡಿಕೊಂಡಿದ್ದೇನೆ. ದಾರಿ ಮಾತ್ರ ನಿಜದ್ದು.

"ಸೂಜಿ ಎಲ್ಲಾ ಹಾಕ್ಸೀರೇನವ್ವಾ?"

"ಎಲ್ಲಾ ಹಾಕ್ಸೀವ್ರಿ."

ತಾಯಿ ಸುಳ್ಳು ಹೇಳುತ್ತಿಲ್ಲ. ಸೆರಗಿನ ಗಂಟಿನಿಂದ ಪ್ಲಾಸ್ಟಿಕ್ ಚೀಲ ಬಿಚ್ಚಿ, ಮಡಿಕೆ ಬಿದ್ದಲ್ಲಿ ಹರಿದ ತಾಯಿ ಕಾರ್ಡನ್ನು ಮೇಜಿನ ಮೇಲೆ ಹರವುತ್ತಾಳೆ. ಹುಟ್ಟಿದಾಗಿನ ಬಿಸಿಜಿ, ಆರು, ಹತ್ತು, ಹದಿನಾಲ್ಕನೇ ವಾರದ, ಡಿಫ್ತೀರಿಯಾ ಲಸಿಕೆಯೂ ಸೇರಿದ ಪೆಂಟಾ, ಒಂಬತ್ತು ತಿಂಗಳ ದಡಾರ ಲಸಿಕೆ, ಎಲ್ಲದರ ಮುಂದೆ ತಾರೀಖು ಇದೆ, ನೀಲಿ ಶಾಯಿಯ ಸಹಿ ಇದೆ. ನರ್ಸ್ ಬೆರಳು ಕೆಳಗಿಳಿಸುತ್ತಾಳೆ. ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳ ನಡುವೆ ಹಾಕಬೇಕಾದ ಡಿಪಿಟಿ (ಡಿಫ್ತೀರಿಯಾ, ನಾಯಿಕೆಮ್ಮು, ಧನುರ್ವಾಯು) ಬೂಸ್ಟರ್: ಚೌಕ ಖಾಲಿ. ಐದು ವರ್ಷದ ಎರಡನೇ ಬೂಸ್ಟರ್: ಅದೂ ಖಾಲಿ.

"ಆವಾಗ ಪುಣಾದಾಗ ಇದ್ದೆವ್ರಿ, ಬಿಲ್ಡಿಂಗ್ ಕೆಲಸಕ್ಕ."

ಡಾಕ್ಟರು ಮುಂದಿನ ಪ್ರಶ್ನೆ ಕೇಳುತ್ತಾರೆ. ಮುಂದಿನ ಹದಿನೈದು ದಿನ ಎಷ್ಟೋ ಜನ ಓಡಾಡುವುದು ಈ ಪ್ರಶ್ನೆಯ ಉತ್ತರದ ಮೇಲೆ.

"ಹತ್ತ್ ದಿನದಾಗ ಈ ಹುಡುಗನ್ನ ಎಲ್ಲೆಲ್ಲಿ ಕರ್ಕೊಂಡ್ ಹೋಗಿದ್ರಿ? ಒಂದೂ ಬಿಡದಂಗ ಹೇಳವ್ವಾ."

ಆಕೆ ಬೆರಳು ಮಡಿಚುತ್ತ ಹೇಳುತ್ತಾಳೆ. ಗಂಡ ಶಹಾಬಾದಿನ ಫರ್ಸಿ ಖಣಿಯಲ್ಲಿ ದುಡಿಯುತ್ತಾನೆ, ಅಲ್ಲಿ ನಾಲ್ಕು ದಿನ. ವಾಡಿಯಲ್ಲಿ ದೊಡ್ಡಪ್ಪನ ಮನೆ, ಎರಡು ರಾತ್ರಿ. ಚಿತ್ತಾಪುರದಲ್ಲಿ ನಾದಿನಿಯ ಕೂಸಿನ ತೊಟ್ಟಿಲ ಕಾರ್ಯ. ಸೇಡಂನಲ್ಲಿ ತಂಗಿಯ ಮನೆ. ಈಗ ಅವರು ಪುಣೆಗೆ ಹೋದಾಗಲೆಲ್ಲ ಹುಡುಗ ಇರುವುದೂ ಅಲ್ಲೇ, ಕಲಿಯುವುದೂ ಅಲ್ಲೇ. ಆಮೇಲೆ ಕುಂಚಾವರಂ ಕಡೆಯ ತಮ್ಮ ತಾಂಡಾ. ನರ್ಸ್ ಬರೆದುಕೊಳ್ಳುತ್ತಾಳೆ. ಒಂದು ಬಡ ಕುಟುಂಬ ಅನ್ನ ಮತ್ತು ಬಳಗಕ್ಕಾಗಿ ತಿರುಗಿದ ಐದು ಊರು. ರೋಗ ತಿರುಗಿದ್ದೂ ಅವೇ ಐದು ಊರು.

ನೂರೆಂಟರ ಆಂಬುಲೆನ್ಸ್ ಬಾಗಿಲಿಗೆ ಬಂದಿದೆ. ಇಲ್ಲಿಂದ ಕಲಬುರಗಿ.

*

ಚಿಂಚೋಳಿ ಹಿಂದೆ ಬಿದ್ದ ಮೇಲೆ ರಸ್ತೆಯ ಎರಡೂ ಬದಿ ತೊಗರಿ, ಸೊಂಟದ ಮಟ್ಟಕ್ಕೆ ಬೆಳೆದ ಗಾಢ ಹಸಿರು. ಹೆಸರು, ಉದ್ದು ಕೊಯ್ಲು ಮುಗಿದ ಹೊಲಗಳು ಬೋಳು ಕಪ್ಪು. ಆಂಬುಲೆನ್ಸ್ ಒಳಗೆ ಹುಡುಗನನ್ನು ಮಲಗಿಸಿಲ್ಲ, ತಾಯಿಯ ಎದೆಗೊರಗಿಸಿ ಕೂರಿಸಿದ್ದಾರೆ. ಮಲಗಿದರೆ ಪೊರೆ ಜಾರಿ ಉಸಿರುದಾರಿಗೆ ಅಡ್ಡ ಬರಬಹುದು. ಮೂಗಿಗೆ ಆಮ್ಲಜನಕದ ಕೊಳವೆ. ಉಸಿರೆಳೆದಾಗಲೊಮ್ಮೆ ಕತ್ತಿನ ಕೆಳಗಿನ ಗುಳಿ ಒಳಗೆ ಸೇದುತ್ತದೆ. ನೀವು ಎಣಿಸತೊಡಗುತ್ತೀರಿ, ಎಣಿಸದೆ ಇರಲಾಗುವುದಿಲ್ಲ.

ಕಣ್ಣಿಗೆ ಕಾಣುವ ಪೊರೆ ಈ ರೋಗದ ಅರ್ಧ ಮಾತ್ರ. ಬ್ಯಾಕ್ಟೀರಿಯಾ ಗಂಟಲಲ್ಲೇ ಉಳಿಯುತ್ತದೆ, ರಕ್ತಕ್ಕೆ ಇಳಿಯುವುದು ಬಹಳ ಅಪರೂಪ. ಇಳಿಯುವುದು ಅದು ಸುರಿಸುವ ವಿಷ. ಆ ವಿಷ ಜೀವಕೋಶದ ಒಳಹೊಕ್ಕು ಪ್ರೋಟೀನು ತಯಾರಾಗುವ ಕೆಲಸವನ್ನೇ ನಿಲ್ಲಿಸುತ್ತದೆ. ಒಂದೇ ಒಂದು ಅಣು ಒಂದು ಕೋಶವನ್ನು ಕೊಲ್ಲಲು ಸಾಕು. ಗಂಟಲಲ್ಲಿ ಸತ್ತ ಕೋಶಗಳೇ ಪೊರೆಯಾಗಿ ಕಟ್ಟಿಕೊಳ್ಳುತ್ತವೆ. ರಕ್ತದಲ್ಲಿ ಹೊರಟ ವಿಷ ಹೃದಯದ ಸ್ನಾಯು ಮತ್ತು ನರಗಳನ್ನು ಹುಡುಕಿಕೊಂಡು ಹೋಗುತ್ತದೆ. ಇನ್ನೂ ಒಂದು ವಿಚಿತ್ರವಿದೆ. ಈ ವಿಷ ಮಾಡುವ ವಿದ್ಯೆ ಬ್ಯಾಕ್ಟೀರಿಯಾದ ಸ್ವಂತದ್ದಲ್ಲ. ಬ್ಯಾಕ್ಟೀರಿಯಾದೊಳಗೆ ಮನೆ ಮಾಡುವ ಒಂದು ವೈರಸ್ ಹೊತ್ತು ತಂದದ್ದು ಎಂದು 1951ರಲ್ಲಿ ಫ್ರೀಮನ್ ಎಂಬ ವಿಜ್ಞಾನಿ ತೋರಿಸಿದರು. ಅದಿಲ್ಲದ ತಳಿ ಸಾಮಾನ್ಯವಾಗಿ ಗಂಟಲಲ್ಲಿ ತೆಪ್ಪಗೆ ಇದ್ದುಬಿಡುತ್ತದೆ.

ಲಸಿಕೆ ತಡೆಯುವುದೂ ಈ ವಿಷವನ್ನೇ. ಲಸಿಕೆ ಹಾಕಿಸಿಕೊಂಡವರ ಗಂಟಲಲ್ಲೂ ಬ್ಯಾಕ್ಟೀರಿಯಾ ಕೂರಬಹುದು. ಅವರಿಗೆ ಏನೂ ಆಗುವುದಿಲ್ಲ, ಕೆಮ್ಮಿದಾಗ ಪಕ್ಕದವರಿಗೆ ದಾಟಬಹುದು. ಪಕ್ಕದವನು ಬೂಸ್ಟರ್ ತಪ್ಪಿದ ಆರು ವರ್ಷದ ಹುಡುಗನಾಗಿದ್ದರೆ, ಎರಡರಿಂದ ಐದು ದಿನದಲ್ಲಿ ಗಂಟಲು ನೋಯಲು ಸುರುವಾಗುತ್ತದೆ.

*

ಕಲಬುರಗಿಯ ಆಸ್ಪತ್ರೆ, ಪ್ರತ್ಯೇಕ ವಾರ್ಡ್. ಸೋಂಕು ಎಲ್ಲರಿಗೂ ಹರಡದಂತೆ ಕಟ್ಟಡದ ಒಂದು ಕೊನೆಗೆ ಇಟ್ಟ ಕೋಣೆ. ಮಂಚದ ಪಕ್ಕದ ಟ್ರೇಯಲ್ಲಿ ಗಂಟಲಿನ ಕೆಳಗೆ ರಂಧ್ರ ಕೊರೆದು ಉಸಿರುದಾರಿ ತೆರೆಯುವ ಉಪಕರಣಗಳನ್ನು ಬಿಚ್ಚಿಟ್ಟಿದ್ದಾರೆ. ಕಿವಿ-ಮೂಗು-ಗಂಟಲಿನ ತಜ್ಞರು ಬಂದು ನೋಡಿ ಹೋಗಿದ್ದಾರೆ. ಬೇಕಾದರೆ ಐದು ನಿಮಿಷದಲ್ಲಿ ಬರುತ್ತಾರೆ.

ಈಗ ಎಲ್ಲರೂ ಕಾಯುತ್ತಿರುವುದು ಒಂದು ಬಾಟಲಿಗೆ. ಪುಟ್ಟ ಗಾಜಿನ ಸೀಸೆ, ಒಳಗೆ ತಿಳಿ ದ್ರವ. ಆ್ಯಂಟಿ-ಡಿಫ್ತೀರಿಯಾ ಸೀರಂ, ವಾರ್ಡಿನ ಬಾಯಲ್ಲಿ ಎಡಿಎಸ್. ಕುದುರೆಗಳ ಮೈಗೆ ಸ್ವಲ್ಪಸ್ವಲ್ಪವಾಗಿ ವಿಷ ಒಗ್ಗಿಸಿ, ಅವುಗಳ ರಕ್ತದಲ್ಲಿ ಹುಟ್ಟುವ ಪ್ರತಿವಿಷವನ್ನು ಬೇರ್ಪಡಿಸಿ ತಯಾರಿಸಿದ್ದು. 1890ರಲ್ಲಿ ಬರ್ಲಿನ್‌ನಲ್ಲಿ ಬೆಹ್ರಿಂಗ್ ಮತ್ತು ಕಿಟಸಾಟೊ ಈ ದಾರಿ ಕಂಡರು. 1901ರಲ್ಲಿ ವೈದ್ಯಕೀಯದ ಮೊತ್ತಮೊದಲ ನೊಬೆಲ್ ಬೆಹ್ರಿಂಗ್‌ಗೆ ಸಿಕ್ಕಿದ್ದು ಇದಕ್ಕೇ. 1894ರಲ್ಲಿ ಪ್ಯಾರಿಸ್‌ನ ರೂ ಕುದುರೆಯ ಸೀರಂ ಕೊಟ್ಟಾಗ ಆಸ್ಪತ್ರೆಯಲ್ಲಿ ಈ ರೋಗಕ್ಕೆ ಸಾಯುವ ಮಕ್ಕಳ ಪ್ರಮಾಣ ಅರ್ಧಕ್ಕೆ ಇಳಿಯಿತು. ಅಂದಿನಿಂದ ಇಂದಿನವರೆಗೆ ಇದಕ್ಕಿಂತ ಉತ್ತಮವಾದದ್ದು ಬಂದಿಲ್ಲ. ಶ್ರೀಮಂತ ದೇಶಗಳಲ್ಲಿ ರೋಗ ಬಹುತೇಕ ಇಲ್ಲವಾಗಿ ತಯಾರಿಕೆ ನಿಂತುಹೋಯಿತು. ಜಗತ್ತಿನಲ್ಲಿ ಇದನ್ನು ಮಾಡುವವರು ಈಗ ಬೆರಳೆಣಿಕೆಯಷ್ಟು. ನಮ್ಮಲ್ಲಿ ಹಿಮಾಚಲದ ಕಸೌಲಿಯ ಕೇಂದ್ರೀಯ ಸಂಶೋಧನಾ ಸಂಸ್ಥೆ ಅಂಥದ್ದೊಂದು. ರೋಗ ಅಪರೂಪವಾದಷ್ಟೂ ಮದ್ದು ಅಪರೂಪ. ಜಿಲ್ಲೆಯ ದಾಸ್ತಾನಿನಲ್ಲಿ ಇಲ್ಲವೆಂದರೆ ಫೋನುಗಳು ಹೊರಡುತ್ತವೆ, ಹೈದರಾಬಾದಿಗೆ, ಬೆಂಗಳೂರಿಗೆ. ಇವತ್ತು ದಾಸ್ತಾನು ಇದೆ.

ಮೊದಲು ಒಂದು ಹನಿ, ಚರ್ಮದಡಿ. ಕುದುರೆಯ ಪ್ರೋಟೀನು ಕೆಲವರ ಮೈಗೆ ಆಗಿಬರುವುದಿಲ್ಲ. ರಕ್ತದೊತ್ತಡ ಕುಸಿದು ನಿಂತ ನಿಲುವಿನಲ್ಲೇ ಪ್ರಾಣಕ್ಕೆ ಬರಬಹುದು. ನರ್ಸ್ ಪಕ್ಕದಲ್ಲಿ ಅಡ್ರಿನಲಿನ್ ತುಂಬಿದ ಸಿರಿಂಜ್ ಹಿಡಿದು ಗೋಡೆ ಗಡಿಯಾರ ನೋಡುತ್ತ ನಿಲ್ಲುತ್ತಾಳೆ. ಚುಚ್ಚಿದ ಜಾಗ ಉಬ್ಬಲಿಲ್ಲ, ಕೆಂಪಾಗಲಿಲ್ಲ. ಆಮೇಲೆ ಪೂರ್ತಿ ಔಷಧ, ಸಲೈನ್‌ನಲ್ಲಿ ಬೆರೆಸಿ ನಿಧಾನವಾಗಿ ನರಕ್ಕೆ. ಮಗುವಿನ ತೂಕ ನೋಡಿ ಕಡಿಮೆ ಮಾಡುವ ಔಷಧ ಇದಲ್ಲ. ವಿಷ ಎಷ್ಟಿದೆಯೋ ಅಷ್ಟು ಪ್ರತಿವಿಷ. ಪೊರೆ ಎಲ್ಲಿಯವರೆಗೆ ಹಬ್ಬಿದೆ, ಎಷ್ಟು ದಿನವಾಗಿದೆ ನೋಡಿ 20 ಸಾವಿರ ಯೂನಿಟ್‌ನಿಂದ ಲಕ್ಷದವರೆಗೆ. ಕತ್ತು ಇಷ್ಟು ಬಾತವನಿಗೆ ಮೇಲಿನ ಪ್ರಮಾಣವೇ.

"ಇನ್ ಆರಾಮ್ ಆಗ್ತಾನಲ್ರಿ?" ತಾಯಿ ಕೇಳುತ್ತಾಳೆ.

"ನೋಡೋಣವ್ವಾ. ಇನ್ನ ಹದಿನೈದ್ ದಿನ ಇಲ್ಲೇ."

ಡಾಕ್ಟರು ಸುಮ್ಮನೆ ಹೇಳಿದ ಮಾತಲ್ಲ. ರಕ್ತದಲ್ಲಿ ತೇಲುತ್ತಿರುವ ವಿಷವನ್ನು ಮಾತ್ರ ಎಡಿಎಸ್ ಹಿಡಿಯಬಲ್ಲದು. ಈಗಾಗಲೇ ಕೋಶದೊಳಗೆ ಸೇರಿದ್ದನ್ನು ಹೊರಗೆಳೆಯಲಾರದು. ಅದಕ್ಕೇ ಲ್ಯಾಬಿನ ವರದಿಗೆ ಕಾಯದೆ ಕೊಟ್ಟಿದ್ದಾರೆ. ಪೆನ್ಸಿಲಿನ್ ಕೂಡ ನಡೆಯುತ್ತಿದೆ. ಅದು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ವಿಷಕ್ಕೆ ಏನೂ ಮಾಡದು. ಮೂರು ದಿನ ಮಂಗನಬಾವು ಎಂದು ಕಾದದ್ದರ ಲೆಕ್ಕ ಹೃದಯ ಕೊಡಬೇಕಾಗಬಹುದು.

ಕೆಳಗಿನ ಮಹಡಿಯ ಲ್ಯಾಬಿನಲ್ಲಿ, ಹತ್ತಿಯ ಕಡ್ಡಿಯನ್ನು ಗಾಜಿಗೆ ಸವರಿ ಆಲ್ಬರ್ಟ್ ಬಣ್ಣ ಹಾಕಿದ್ದಾರೆ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನೋಡಿ: ಹಸಿರು ಸಣ್ಣ ಕಡ್ಡಿಗಳು, ತುದಿಗಳಲ್ಲಿ ನೀಲಿಗಪ್ಪು ಚುಕ್ಕೆ. ಎರಡೆರಡು ಕಡ್ಡಿ ಒಂದಕ್ಕೊಂದು ಕೋನವಾಗಿ, ಇಂಗ್ಲಿಷಿನ ವಿ, ಎಲ್ ಅಕ್ಷರಗಳಂತೆ ಬಿದ್ದಿವೆ. 1883ರಲ್ಲಿ ಕ್ಲೆಬ್ಸ್ ಪೊರೆಯಲ್ಲಿ ಕಂಡದ್ದು, ಮರುವರ್ಷ ಲೋಫ್ಲರ್ ಬೆಳೆಸಿ ತೋರಿಸಿದ್ದು ಇದನ್ನೇ.

*

ಮರುದಿನ ಗುರುವಾರ, ಲಸಿಕೆಯ ದಿನ. ಚಿತ್ತಾಪುರದಲ್ಲಿ ಬೆಳಿಗ್ಗೆ ಎಂಟಕ್ಕೇ ಲಸಿಕೆ ಕೋಣೆಯ ಬಾಗಿಲು ತೆರೆದಿದೆ. ಸಿಸ್ಟರ್ ಫ್ರೀಜರಿನಿಂದ ನಾಲ್ಕು ಐಸ್‌ಪ್ಯಾಕ್ ತೆಗೆದು ಮೇಜಿನ ಮೇಲಿಟ್ಟು ಸುಮ್ಮನೆ ಕೂತಿದ್ದಾಳೆ. ಅವಸರ ಮಾಡುವಂತಿಲ್ಲ. ಸ್ವಲ್ಪ ಹೊತ್ತಿಗೆ ಪ್ಯಾಕ್‌ಗಳ ಮೈ ಬೆವರುತ್ತದೆ. ಒಂದನ್ನೆತ್ತಿ ಕಿವಿಯ ಹತ್ತಿರ ಅಲುಗಾಡಿಸುತ್ತಾಳೆ. ಒಳಗೆ ನೀರು ಕುಲುಕಿದ ಸದ್ದು ಕೇಳಿದ ಮೇಲೆಯೇ ಪೆಟ್ಟಿಗೆಗೆ ಇಳಿಸುವುದು. ಕಲ್ಲಿನಂತಿರುವ ಐಸ್ ತಗುಲಿದರೆ ಡಿಪಿಟಿ, ಪೆಂಟಾ ಹೆಪ್ಪುಗಟ್ಟುತ್ತವೆ, ಹೆಪ್ಪುಗಟ್ಟಿ ಕರಗಿದ ಲಸಿಕೆ ಕೆಟ್ಟಂತೆಯೇ. ಎರಡರಿಂದ ಎಂಟು ಡಿಗ್ರಿಯ ಒಳಗೆ ಇರಬೇಕು. ಹೆಚ್ಚು ಬಿಸಿ ತಟ್ಟಿದೆಯೋ ಎಂದು ತಿಳಿಯಲು ಪ್ರತಿ ಸೀಸೆಯ ಮೇಲೂ ಒಂದು ವೃತ್ತ, ಅದರೊಳಗೆ ಒಂದು ಚೌಕ. ಒಳಚೌಕ ಹೊರವೃತ್ತಕ್ಕಿಂತ ಬಿಳಿಯಾಗಿದ್ದರೆ ಬಳಸಬಹುದು. ಬಣ್ಣ ಒಂದಾಯಿತೆಂದರೆ ಎಸೆಯಬೇಕು. ಓದು ಬಾರದವರೂ ನೋಡಿ ಹೇಳಬಹುದು.

ಇವತ್ತು ಸಿಸ್ಟರ್ ಕೈಯಲ್ಲಿ ಎಂದಿನ ಪಟ್ಟಿಯ ಜೊತೆ ಚಿಂಚೋಳಿಯಿಂದ ಬಂದ ಪಟ್ಟಿಯೂ ಇದೆ. ಮೊದಲು ತೊಟ್ಟಿಲ ಕಾರ್ಯದ ಮನೆ. ಕೂಸಿಗೆ ಒಂದು ತಿಂಗಳೂ ತುಂಬಿಲ್ಲ. ಪೆಂಟಾಕ್ಕೆ ಆರು ವಾರ ಆಗಬೇಕು. ಬಾಣಂತಿಗೆ ಬಸುರಿನಲ್ಲಿ ಟಿಡಿ (ಧನುರ್ವಾಯು, ಡಿಫ್ತೀರಿಯಾ) ಸೂಜಿ ಆಗಿದೆ ಎಂದು ಕಾರ್ಡು ಹೇಳುತ್ತದೆ. ಆ ಸೂಜಿಯಿಂದ ತಾಯಿಯ ಮೈಯಲ್ಲಿ ಹುಟ್ಟಿದ ರಕ್ಷಣೆಯಲ್ಲಿ ಒಂದು ಪಾಲು ಕೂಸಿಗೂ ಇಳಿದಿರುತ್ತದೆ. ಆದರೂ ಮನೆಯ ಎಲ್ಲರ ಗಂಟಲು ನೋಡಬೇಕು, ಅಂದು ಬಂದವರ ಹೆಸರು ಬರೆಯಬೇಕು. ಒಬ್ಬೊಬ್ಬರಿಗೂ ವಯಸ್ಸಿಗೆ ತಕ್ಕಂತೆ ಏಳು ದಿನದ ಎರಿಥ್ರೊಮೈಸಿನ್. ಗುಳಿಗೆ ಹೊಟ್ಟೆ ತೊಳಸುತ್ತದೆ. ಮೂರನೇ ದಿನಕ್ಕೆ ಬಿಡುವವರೇ ಹೆಚ್ಚು ಎಂದು ಆಶಾ ಕಾರ್ಯಕರ್ತೆಗೆ ಗೊತ್ತು. ದಿನಾ ಬಂದು ಪಟ್ಟಿ ಬಿಡಿಸಿ ಎಣಿಸುತ್ತಾಳಂತೆ.

ವಾಡಿಗೆ ರೈಲಿನಲ್ಲಿ ಸ್ವಲ್ಪವೇ ದಾರಿ. ಸೊಲ್ಲಾಪುರದ ಕಡೆಯಿಂದ ಬಂದ ಹಳಿ ಇಲ್ಲಿ ಒಡೆದು ಒಂದು ರಾಯಚೂರು-ಗುಂತಕಲ್ ಕಡೆ, ಇನ್ನೊಂದು ಚಿತ್ತಾಪುರ, ಸೇಡಂ ಹಾಯ್ದು ಸಿಕಂದರಾಬಾದಿಗೆ. ಸ್ಟೇಷನ್ ದಾಟಿದರೆ ಎಸಿಸಿ ಸಿಮೆಂಟ್ ಕಾರ್ಖಾನೆಯ ಊರು. ಗುಡಿಸಲ ಮೇಲೂ, ಬೇವಿನ ಎಲೆಯ ಮೇಲೂ ತೆಳ್ಳನೆಯ ಬೂದುಧೂಳು. ದೊಡ್ಡಪ್ಪನ ಮನೆಯ ಸಾಲಿನಲ್ಲಿ ಕನ್ನಡ, ಲಂಬಾಣಿ, ದಖನಿ, ಹಿಂದಿ ಎಲ್ಲವೂ ಕೇಳಿಸುತ್ತವೆ. ಅಂಗನವಾಡಿಯ ಮುಂದೆ ಸಿಸ್ಟರ್ ಪೆಟ್ಟಿಗೆ ಇಳಿಸುತ್ತಾಳೆ. ಪಟ್ಟಿಯಲ್ಲಿ ಬೂಸ್ಟರ್ ಬಾಕಿ ಇರುವ ಮಕ್ಕಳಿದ್ದಾರೆ, ಬಂದವರು ಕಡಿಮೆ. ಬಾಗಿಲು ಬಾಗಿಲು ತಟ್ಟಬೇಕು.

"ಬ್ಯಾಡ್ರೀ ಸಿಸ್ಟರ್. ಹೋದ್ಸಲ ಸೂಜಿ ಹಾಕಿದ್ರಿ, ರಾತ್ರಿಯೆಲ್ಲಾ ಜ್ವರ. ತೊಡಿ ಬಾತು ಕೂಸು ಕಾಲ್ ಊರಲಿಲ್ಲ. ಎರಡ್ ದಿನ ಕೂಲಿ ಹೋತು ನಂದು."

ಈ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕಿ ಬರೆದ ಸರ್ಕಾರಿ ವರದಿಗಳು ಬೇಕಾದಷ್ಟಿವೆ. ಬಾಗಿಲಲ್ಲಿ ನಿಂತು ಕೇಳಿದರೆ ಇದು ಲೆಕ್ಕಾಚಾರ. ಜ್ವರ ಬರುವುದು ನಿಜ; ಡಿಪಿಟಿಯಲ್ಲಿರುವ ನಾಯಿಕೆಮ್ಮಿನ ಭಾಗ ಅದನ್ನು ತರುತ್ತದೆ. ಕೂಲಿ ಹೋಗುವುದೂ ನಿಜ. ಕಣ್ಣೆದುರಿನ ಎರಡು ದಿನದ ಕೂಲಿಯ ಎದುರು, ತಾನು ಎಂದೂ ಕಾಣದ ಒಂದು ರೋಗ. ಸಿಸ್ಟರ್ ವಾದ ಮಾಡುವುದಿಲ್ಲ.

"ಜ್ವರ ಬರ್ತದ, ಇಲ್ಲ ಅನ್ನಂಗಿಲ್ಲ. ಗುಳಗಿ ಕೊಟ್ಟೇ ಹೋಗ್ತೀನಿ. ತಣ್ಣನ್ ಅರಿವಿ ಇಡು. ಸಂಜಿಗಿ ಆಶಾ ಅಕ್ಕ ಬಂದ್ ನೋಡ್ತಾಳ. ನಿಮ್ ದೊಡ್ಡಪ್ಪನೋರ ಮನಿಗಿ ಬಂದಿದ್ದ ಹುಡುಗ ಎಲ್ಲಿದ್ದಾನ ಗೊತ್ತೇನು ಈಗ?"

ಗೊತ್ತಿದೆ. ಸಾಲಿಗೆಲ್ಲ ಗೊತ್ತಿದೆ. ಆಕೆ ಒಳಗೆ ಹೋಗಿ ಕೂಸನ್ನು ಎತ್ತಿಕೊಂಡು ಬರುತ್ತಾಳೆ. ಎಡತೊಡೆಯ ಹೊರಬದಿ, ಅರ್ಧ ಎಂ.ಎಲ್. ಕೂಸು ಬೀದಿ ಒಂದು ಮಾಡಿ ಅಳುತ್ತದೆ. ಕಾರ್ಡಿನ ಚೌಕದಲ್ಲಿ ತಾರೀಖು ಬೀಳುತ್ತದೆ. ಅಳು ಕೇಳಿ ಮುಂದಿನ ಮನೆಯವರು ಬಾಗಿಲು ಹಾಕಿಕೊಳ್ಳುತ್ತಾರೆ. ಸಿಸ್ಟರ್ ಅಲ್ಲಿಗೂ ಹೋಗುತ್ತಾಳೆ.

*

ಶಹಾಬಾದಿನ ಖಣಿಯ ಅಂಚಿನಲ್ಲಿ ನಿಂತರೆ ನೆಲ ಪದರಪದರವಾಗಿ ಬಿಚ್ಚಿಕೊಂಡಿದೆ. ದೇಶದ ಅರ್ಧ ರೈಲು ನಿಲ್ದಾಣಗಳು ಕಾಲಡಿ ಹಾಸಿಕೊಂಡ ಫರ್ಸಿ ಇಲ್ಲಿಂದ ಎದ್ದದ್ದು ಎನ್ನುವ ಹೆಮ್ಮೆ ಇಲ್ಲಿನವರದು. ಹಳೆಯ ಖಣಿಗಳಲ್ಲಿ ಮಳೆನೀರು ನಿಂತು ಹಸಿರಾಗಿದೆ. ಕೆಲಸ ನಡೆಯುತ್ತಿರುವಲ್ಲಿ ಕಬ್ಬಿಣದ ಬೆಣೆಗೆ ಸುತ್ತಿಗೆ ಬೀಳುವ ಸದ್ದು. ಪಕ್ಕದಲ್ಲೇ ಕೆಲಸಗಾರರ ಮನೆಗಳು. ಗೋಡೆಯೂ ಫರ್ಸಿ, ಮಾಡೂ ಫರ್ಸಿ, ಒಂದೇ ಕೋಣೆಯಲ್ಲಿ ಆರೇಳು ಜನ. ಹುಡುಗನ ಅಪ್ಪ ಕಲಬುರಗಿಗೆ ಹೋಗಿದ್ದಾನೆ. ಹುಡುಗನ ಜೊತೆ ಉಂಡು ಮಲಗಿದವರ ಗಂಟಲಿಗೆ ಟಾರ್ಚ್ ಹಿಡಿದು ಆರೋಗ್ಯ ನಿರೀಕ್ಷಕರು ಒಬ್ಬೊಬ್ಬರನ್ನೇ ನೋಡುತ್ತಿದ್ದಾರೆ. ದೊಡ್ಡವರಿಗೆ ನಗು. "ಹುಡ್ರ ಬ್ಯಾನಿಗಿ ನಮ್ ಬಾಯಿ ಯಾಕ್ರಿ?"

ಇದು ಹುಡುಗರ ರೋಗವಾಗಿದ್ದು ಹಿಂದೆ. ಲಸಿಕೆಯ ರಕ್ಷಣೆ ಬದುಕಿನುದ್ದಕ್ಕೂ ಬರುವಂಥದ್ದಲ್ಲ; ವರ್ಷ ಕಳೆದಂತೆ ಸವೆಯುತ್ತದೆ. 1990ರ ದಶಕದಲ್ಲಿ ಸೋವಿಯತ್ ಒಕ್ಕೂಟ ಒಡೆದು ಲಸಿಕೆಯ ವ್ಯವಸ್ಥೆ ಹಳಿ ತಪ್ಪಿದಾಗ ಆ ದೇಶಗಳಲ್ಲಿ ಒಂದೂವರೆ ಲಕ್ಷದಷ್ಟು ಜನ ಈ ರೋಗಕ್ಕೆ ಬಿದ್ದರು, ಅವರಲ್ಲಿ ದೊಡ್ಡವರೇ ಬಹಳ. ನಮ್ಮಲ್ಲಿ ರೋಗ ತೊಟ್ಟಿಲಿನಿಂದ ಶಾಲೆಯ ಬೆಂಚಿಗೆ ಸರಿದಿದೆ. ಐದು ದಾಟಿದ, ಹತ್ತು ದಾಟಿದ ಮಕ್ಕಳೇ ಈಗ ಹೆಚ್ಚು. ಅದಕ್ಕಾಗಿಯೇ ಹತ್ತನೇ ಮತ್ತು ಹದಿನಾರನೇ ವರ್ಷಕ್ಕೆ ಹಾಕುತ್ತಿದ್ದ, ಧನುರ್ವಾಯುವಿನದಷ್ಟೇ ಆದ ಟಿಟಿ ಬದಲಿಗೆ ಡಿಫ್ತೀರಿಯಾದ ಅಂಶವೂ ಇರುವ ಟಿಡಿ ಬಂದಿದೆ. ಇಲ್ಲಿನ ಶಾಲೆಯ ಅಂಗಳದಲ್ಲಿ ಐದನೇ ತರಗತಿಯ ಹುಡುಗಿಯರು ತೋಳೇರಿಸಿಕೊಂಡು ಸಾಲುಗಟ್ಟಿದ್ದಾರೆ. ಹೆದರಿದವಳನ್ನು ಗೆಳತಿಯರು ಮುಂದೆ ದೂಡುತ್ತಾರೆ. ಅಂದು ಶಾಲೆಗೆ ಬಾರದ ಮಕ್ಕಳ ಹೆಸರನ್ನು ಮೇಷ್ಟ್ರು ಬೇರೆ ಹಾಳೆಯಲ್ಲಿ ಬರೆಯುತ್ತಿದ್ದಾರೆ. ಆ ಹಾಳೆಯಲ್ಲಿರುವವರೇ ಸಾಲಿನಲ್ಲಿ ನಿಂತವರಿಗಿಂತ ಹೆಚ್ಚು ಮುಖ್ಯ.

2018ರಲ್ಲಿ ಭಾರತ ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಿದ ಡಿಫ್ತೀರಿಯಾ ಪ್ರಕರಣಗಳು 8,788. ಆ ವರ್ಷ ಜಗತ್ತಿನ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮದೇ. ಇದೇ ಅವಧಿಯಲ್ಲಿ ಕರ್ನಾಟಕದ ಲಸಿಕೆಯ ಅಂಕಿಗಳು ಏರಿವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಎಲ್ಲ ಲಸಿಕೆ ಪಡೆದ ಪುಟ್ಟ ಮಕ್ಕಳು 2015-16ರಲ್ಲಿ ನೂರಕ್ಕೆ 63, 2019-20ರಲ್ಲಿ 84. ಎರಡೂ ನಿಜ. ಆ ಸಮೀಕ್ಷೆಯ ಲೆಕ್ಕ ಮೊದಲ ವರ್ಷದ ಲಸಿಕೆಗಳದ್ದು. ಬಿಸಿಜಿ, ಮೂರು ಪೋಲಿಯೊ, ಮೂರು ಪೆಂಟಾ, ಒಂದು ದಡಾರ ಆಯಿತೆಂದರೆ ಮಗು ಸಂಪೂರ್ಣ ಎಂದು ಗುರುತಾಗುತ್ತದೆ. ಚಿಂಚೋಳಿಯ ತಾಯಿ ಹೇಳಿದ್ದೂ ಅದನ್ನೇ, ಎಲ್ಲಾ ಹಾಕ್ಸೀವ್ರಿ. ಸರ್ಕಾರದ ಲೆಕ್ಕ ಎಲ್ಲಿ ನಿಲ್ಲುತ್ತದೋ ಆಕೆಯ ಲೆಕ್ಕವೂ ಅಲ್ಲೇ ನಿಂತಿದೆ. ಹದಿನಾರು ತಿಂಗಳಿಗೆ ಮಗು ನಡೆಯಲು ಕಲಿತಿರುತ್ತದೆ, ತಾಯಿ ಕೆಲಸಕ್ಕೆ ಮರಳಿರುತ್ತಾಳೆ, ತೊಗರಿ ರಾಶಿ ಮುಗಿಸಿ ತಾಂಡಾ ಪುಣೆಗೋ ಮುಂಬೈಗೋ ಹೊರಟಿರುತ್ತದೆ. ಬೂಸ್ಟರ್ ತಪ್ಪುವುದು ಅಲ್ಲಿ.

*

ಸೇಡಂ ಮುಟ್ಟುವ ಹೊತ್ತಿಗೆ ಸಂಜೆ. ಮಳಖೇಡದ ಹತ್ತಿರ ಕಾಗಿಣಾ ತುಂಬಿ ಹರಿಯುತ್ತಿತ್ತು. ರಾಷ್ಟ್ರಕೂಟರ ರಾಜಧಾನಿಯ ಕೋಟೆ ಒಂದು ಕಡೆ, ಸಿಮೆಂಟ್ ಚಿಮಣಿಗಳು ಇನ್ನೊಂದು ಕಡೆ. ಹುಡುಗ ಕಲಿಯುವ ಶಾಲೆಯ ಒಂದನೇ ತರಗತಿಯ ಅಷ್ಟೂ ಮಕ್ಕಳ ಕಾರ್ಡುಗಳನ್ನು ತರಿಸಿ ಮೇಜಿನ ಮೇಲೆ ಹರವಿದ್ದಾರೆ. ಕೆಲವರ ಕಾರ್ಡು ಮಳೆಗೆ ನೆನೆದು ಹೋಗಿದೆ, ಕೆಲವರದು ಕಳೆದಿದೆ. ಕಾರ್ಡಿಲ್ಲದ ಮಗುವನ್ನು ಲಸಿಕೆ ಆಗದ ಮಗು ಎಂದೇ ಹಿಡಿಯಬೇಕು. ಒಂದು ಸೂಜಿ ಹೆಚ್ಚಾದರೆ ತೋಳು ನೋಯುತ್ತದೆ, ಕಡಿಮೆಯಾದರೆ ಏನಾಗುತ್ತದೆಂದು ಈಗ ಎಲ್ಲರಿಗೂ ಗೊತ್ತು.

ಹುಡುಗನ ಸಣ್ಣವ್ವ ತನ್ನ ಮಗಳನ್ನು ಕರೆದು ತಂದಿದ್ದಾಳೆ. ಎಂಟು ವರ್ಷ, ಒಂದೇ ತಟ್ಟೆಯಲ್ಲಿ ಅವನ ಜೊತೆ ಉಂಡವಳು. ಬೆಳಿಗ್ಗೆಯಿಂದ ಗಂಟಲು ನೋವು ಅನ್ನುತ್ತಿದ್ದಾಳೆ. ಟಾರ್ಚ್ ಬೀಳುತ್ತದೆ. ಎಡಗಡೆಯ ಗಡ್ಡೆಯ ಮೇಲೆ, ಅಕ್ಕಿಕಾಳಿನಷ್ಟು ಜಾಗದಲ್ಲಿ, ಬೂದಿ ಬಣ್ಣ. ಡಾಕ್ಟರು ಎರಡು ಸಲ ನೋಡುತ್ತಾರೆ. ಇವಳು ಮೂರನೇ ದಿನಕ್ಕಲ್ಲ, ಮೊದಲ ದಿನವೇ ಸಿಕ್ಕಿದ್ದಾಳೆ. ಆಂಬುಲೆನ್ಸ್ ಮತ್ತೆ ಬರುತ್ತದೆ. ಇಡೀ ದಿನ ಬಾಗಿಲು ತಟ್ಟಿದ್ದಕ್ಕೆ ಸಿಕ್ಕ ಫಲ ಈ ಎರಡು ದಿನದ ಉಳಿತಾಯ.

*

ಎರಡು ವಾರ ಕಳೆದು ಕಲಬುರಗಿಯ ವಾರ್ಡಿಗೆ ಬನ್ನಿ. ಹುಡುಗಿ ಆಗಲೇ ಮನೆಗೆ ಹೋಗಿದ್ದಾಳೆ. ಹುಡುಗನ ಪೊರೆ ಕಳಚಿದೆ, ಕತ್ತು ಇಳಿದಿದೆ. ಎರಡನೇ ವಾರ ಅವನ ನಾಡಿ ಏರುಪೇರಾದಾಗ ಮಂಚದಿಂದ ಇಳಿಯಗೊಡದೆ ದಿನಾ ಇಸಿಜಿ ತೆಗೆದರು; ಹೃದಯ ತಡೆದುಕೊಂಡಿತು. ಈಗ ಅವನು ಮಾತಾಡಿದರೆ ದನಿ ಮೂಗಿನಿಂದ ಬರುತ್ತದೆ. ನೀರು ಕುಡಿಸಿದರೆ ಅರ್ಧ ಮೂಗಿನಿಂದ ಹೊರಗೆ. ಅಂಗುಳಿನ ನರಕ್ಕೆ ವಿಷ ತಗುಲಿದ ಗುರುತು. ಕೆಲವು ವಾರಗಳಲ್ಲಿ ಸರಿಹೋಗುತ್ತದೆ, ಅಲ್ಲಿಯವರೆಗೆ ಗಂಜಿಯನ್ನು ಗಟ್ಟಿಯಾಗಿಯೇ ತಿನ್ನಿಸಬೇಕು. ಹುಡುಗ ತನ್ನ ಹೊಸ ದನಿಯನ್ನು ಕೇಳಿ ತಾನೇ ನಗುತ್ತಾನೆ.

ಮನೆಗೆ ಕಳಿಸುವ ದಿನ ಸಿಸ್ಟರ್ ಸೂಜಿ ಹಿಡಿದು ಬಂದಾಗ ತಾಯಿಗೆ ಅಚ್ಚರಿ.

"ಬ್ಯಾನಿ ಬಂದ್ ಹೋತಲ್ರಿ. ಇನ್ಯಾಕ ಸೂಜಿ?"

"ಬಂದ್ ಹೋದ್ರೂ ಮತ್ತ ಬರ್ಬಹುದವ್ವಾ. ದಡಾರದಂಗಲ್ಲ ಇದು."

ರೋಗ ಬಂದುಹೋದ ಮಾತ್ರಕ್ಕೆ ದೇಹ ಈ ವಿಷವನ್ನು ತಡೆಯುವ ಪಾಠ ಕಲಿತಿರುತ್ತದೆ ಎನ್ನುವಂತಿಲ್ಲ. ಹೀಗಾಗಿ ಗಂಟಲುಮಾರಿಯಿಂದ ಎದ್ದವರಿಗೂ ಲಸಿಕೆ ಹಾಕಲೇಬೇಕು. ಹುಡುಗನ ಎಡತೋಳಿಗೆ ಡಿಪಿಟಿ ಬೀಳುತ್ತದೆ. ಸಿಸ್ಟರ್ ತಾರೀಖು ಬರೆದು, ಮುಂದೆ ಹಾಕಿಸಬೇಕಾದದ್ದನ್ನೂ ಬರೆದು, ಕಾರ್ಡನ್ನು ಅಪ್ಪನ ಮೊಬೈಲಿನಲ್ಲಿ ಫೋಟೋ ತೆಗೆಸುತ್ತಾಳೆ. ಜೊತೆಗೆ ತಾಯಿಯ ತೊಡೆಯ ಮೇಲೆ ಕೂತಿರುವ ತಂಗಿಯ ಕಾರ್ಡನ್ನೂ ಕೇಳುತ್ತಾಳೆ. ಆ ಕೂಸಿಗೆ ಹದಿನಾರು ತಿಂಗಳು ತುಂಬುವುದು ಫೆಬ್ರುವರಿಯಲ್ಲಿ.

"ಫೆಬ್ರುವರ್ಯಾಗ ನಾವ್ ಪುಣಾದಾಗ ಇರ್ತೀವ್ರಿ," ಅಪ್ಪ ಹೇಳುತ್ತಾನೆ. "ಅಲ್ಲಿಯೋರು ನಮ್ ಕಾರ್ಡ್ ನೋಡ್ತಾರೇನ್ರಿ?"

"ಯಾವ ಊರ ಸರ್ಕಾರಿ ದವಾಖಾನ್ಯಾಗಾದ್ರೂ ಹಾಕ್ತಾರ, ರೊಕ್ಕ ಕೇಳಂಗಿಲ್ಲ. ಕೆಲಸ ಮಾಡೋ ಸೈಟಿನ ಹತ್ರ ಯಾವ ದವಾಖಾನಿ ಅದ ಅಂತ ನಿಮ್ ಮುಕಾದಮ್‌ಗ ಫೋನ್ ಹಚ್ಚಿ ಈಗೇ ಕೇಳು. ನಾ ಇಲ್ಲೇ ನಿಂತಿರ್ತೀನಿ."

ಅವನು ಫೋನ್ ಹಚ್ಚುತ್ತಾನೆ.